ದಿನಕ್ಕೆ ನಾಲ್ಕು ಸಲ, ಹೆಂಡತಿಯಿಂದ

ಮಂಗಳವಾರ ಮತ್ತು ಶುಕ್ರವಾರ ಮಾಜಿ ಸೈನಿಕರ ದಿನ. ಉಳಿದ ದಿನಗಳಲ್ಲಿ ಆಪರೇಷನ್ ಥಿಯೇಟರಿಗೂ ವಾರ್ಡಿಗೂ ಎಷ್ಟೇ ಓಡಾಡಿದರೂ ಡಾಕ್ಟರ್ ಸುಚಿತ್ರಾಳಿಗೆ ನಿಜವಾಗಿ ಸುಸ್ತು ಅನ್ನಿಸುತ್ತಿದ್ದದ್ದು ಈ ಎರಡು ದಿನಗಳಲ್ಲೇ. ಬೆಳಿಗ್ಗೆ ಎಂಟೂವರೆಗೆ ಅವಳು ಕಾರು ನಿಲ್ಲಿಸುವ ಹೊತ್ತಿಗೆ ಯೂರಾಲಜಿ ವಿಭಾಗದ ಮುಂದಿನ ಬೆಂಚುಗಳು ತುಂಬಿರುತ್ತಿದ್ದವು. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಬೋಳಿಸಿದ ಗಲ್ಲ, ತೊಡೆಯ ಮೇಲೆ ಪ್ಲಾಸ್ಟಿಕ್ ಫೋಲ್ಡರು. ಒಬ್ಬರೂ ತಡವಾಗಿ ಬರುವುದಿಲ್ಲ, ಒಬ್ಬರೂ ಗೊಣಗುವುದಿಲ್ಲ. ಗೊಣಗಿದ್ದರೆ ಅವಳ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಹಿಂದಿನ ದಿನದಿಂದ ಮೂತ್ರ ಕಟ್ಟಿ ಹೊಟ್ಟೆ ಕಲ್ಲಾಗಿದ್ದರೂ ಎಪ್ಪತ್ತೆಂಟು ವರ್ಷದ ಸುಬೇದಾರರು ತಮ್ಮ ಟೋಕನ್ ಕರೆಯುವ ತನಕ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಾರೆ. ನೋವು ಎಷ್ಟಿದೆ ಅಂದರೆ "ಸ್ವಲ್ಪ ಮೇಡಂ" ಅನ್ನುತ್ತಾರೆ. ಆ ಸ್ವಲ್ಪದ ಅರ್ಥ ತಿಳಿಯಲು ಅವಳಿಗೆ ಕೆಲವು ವರ್ಷವೇ ಹಿಡಿದಿತ್ತು.

ಹೊಸದಾಗಿ ಬಂದವರು ಬಾಗಿಲು ತೆರೆದು, ಕುರ್ಚಿಯಲ್ಲಿ ಅವಳನ್ನು ಕಂಡು, "ಡಾಕ್ಟ್ರು ಇನ್ನೂ ಬಂದಿಲ್ವಾ ಸಿಸ್ಟರ್?" ಎಂದು ಕೇಳುವುದಿತ್ತು. ಗಂಡಸರ ಈ ಕಾಯಿಲೆಯನ್ನು ಹೆಂಗಸು ನೋಡುತ್ತಾಳೆ ಅನ್ನುವುದು ಅವರ ಲೆಕ್ಕದಲ್ಲಿರಲಿಲ್ಲ. ಮೊದಮೊದಲು ಸುಚಿತ್ರಾಳಿಗೆ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ನಗು ಬರುತ್ತಿತ್ತು. ಐವತ್ತೆರಡಕ್ಕೆ ಕಾಲಿಟ್ಟ ಮೇಲೆ ಎರಡೂ ನಿಂತುಹೋಗಿದ್ದವು. "ನಾನೇ ಡಾಕ್ಟ್ರು, ಕೂತ್ಕೊಳ್ಳಿ" ಅಂದು ಫೋಲ್ಡರಿಗೆ ಕೈ ಚಾಚಿಬಿಡುತ್ತಿದ್ದಳು.

ಆಗಸ್ಟ್ ತಿಂಗಳ ಆ ಶುಕ್ರವಾರ ಹದಿನಾಲ್ಕನೆಯ ಟೋಕನ್ ನಾಯಕ್ ದರ್ಜೆಯಲ್ಲಿದ್ದ ಸಿದ್ದೇಶನದು. ಅಶೋಕಪುರಂನವನು. ಸುಚಿತ್ರಾ ಹುಟ್ಟಿ ಬೆಳೆದದ್ದೂ ಅಲ್ಲೇ, ಅವನ ಮನೆಯಿಂದ ಎರಡು ಬೀದಿ ಆಚೆ. ಈಗ ಗಂಡನ ಜೊತೆ ಒಂಟಿಕೊಪ್ಪಲಿನಲ್ಲಿದ್ದಾಳೆ. ಸಿದ್ದೇಶ ಸೈನ್ಯದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅರುಣಾಚಲದ ಬೆಟ್ಟದ ರಸ್ತೆಯೊಂದರಲ್ಲಿ ಕೇಬಲ್ ಸುರುಳಿ ತುಂಬಿಕೊಂಡು ಹೋಗುತ್ತಿದ್ದ ಲಾರಿ ಮಂಜಿನಲ್ಲಿ ಜಾರಿ ಉರುಳಿತು. ಯುದ್ಧವೂ ಅಲ್ಲ, ಗುಂಡೂ ಅಲ್ಲ. ಸೊಂಟದ ಮೇಲೆ ಬೆನ್ನುಮೂಳೆ ಮುರಿಯಿತು. ಅಂದಿನಿಂದ ಅವನಿಗೆ ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ. ಮೂತ್ರ ತುಂಬಿದ್ದು ತಿಳಿಯುವುದಿಲ್ಲ, ತಾನಾಗಿ ಹೋಗುವುದೂ ಇಲ್ಲ. ದಿನಕ್ಕೆ ನಾಲ್ಕು ಸಲ ತೆಳ್ಳನೆಯ ಟ್ಯೂಬು ತೂರಿಸಿ ಮೂತ್ರಕೋಶ ಖಾಲಿ ಮಾಡಿ, ಮತ್ತೆ ಟ್ಯೂಬನ್ನು ತೆಗೆದುಬಿಡಬೇಕು. ಇಲ್ಲದಿದ್ದರೆ ಅದು ಹಿಂದಕ್ಕೆ ಒತ್ತಿ ಕಿಡ್ನಿ ಹಾಳಾಗುತ್ತದೆ. ಆ ಕೆಲಸ ಮಾಡುತ್ತಿದ್ದವಳು ಅವನ ಹೆಂಡತಿ ಚಾಮುಂಡಮ್ಮ.

ಅವನಿಗೆ ಮತ್ತೆ ಜ್ವರ ಬಂದಿತ್ತು. ವರ್ಷದಲ್ಲಿ ಇದು ಮೂರನೆಯ ಸಲ. ಸುಚಿತ್ರಾ ಮಾತ್ರೆ ಬರೆದಳು, ಒಂದು ಸ್ಕ್ಯಾನ್ ಮಾಡಿಸಿಬಿಡೋಣ ಅಂದಳು. ವಾರ್ಡಿನ ನರ್ಸ್ ಮಹಾಂತೇಶ್ ಗಾಲಿಕುರ್ಚಿಯನ್ನು ತಳ್ಳಿಕೊಂಡು ಹೋದ. ಜೊತೆಗೆ ಹೋಗಬೇಕಾಗಿದ್ದ ಚಾಮುಂಡಮ್ಮ ಹೋಗಲಿಲ್ಲ. ಬಾಗಿಲನ್ನು ಒಳಗಿನಿಂದ ಸರಿಯಾಗಿ ಮುಚ್ಚಿ ಬಂದು ನಿಂತಳು.

"ಅಕ್ಕಾ," ಅಂದಳು. ಗಂಡನ ಎದುರಿಗೆ ಯಾವತ್ತೂ ಮೇಡಂ ಅನ್ನುವವಳು.

"ಹೇಳಿ ಚಾಮುಂಡಮ್ಮ. ಕೂತ್ಕೊಳ್ಳಿ."

ಆಕೆ ಕೂರಲಿಲ್ಲ. "ಒಂದ್ ಮಾತು ಕೇಳ್ತೀನಿ, ಬೈಬೇಡಿ. ಒಟ್ಟೆ ಕೆಳಗೆ ತೂತು ಮಾಡಿ ಪೈಪ್ ಹಾಕ್ಬುಡ್ತಾರಂತಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಂದ್ಸತಿ ಬದ್ಲಾಯ್ಸುದ್ರೆ ಸಾಕಂತೆ. ನಮ್ ಯಜಮಾನ್ರಿಗೂ ಅದ್ನೇ ಹಾಕ್ಬುಡಿ."

"ಅದು ಬೇರೆ ದಾರಿನೇ ಇಲ್ಲದೋರಿಗೆ ಹಾಕೋದು. ಪೈಪು ಯಾವಾಗ್ಲೂ ಒಳಗೇ ಇದ್ರೆ ಕಲ್ಲು ಕಟ್ಟುತ್ತೆ, ಕೀವಾಗುತ್ತೆ. ನೀವು ಮಾಡ್ತಿರೋದೇ ಒಳ್ಳೇದು. ಅದರಿಂದಾನೇ ಇಷ್ಟು ವರ್ಷ ಅವರ ಕಿಡ್ನಿ ಉಳಿದಿರೋದು."

"ಅದು ಗೊತ್ತು ಕಣಕ್ಕ." ಚಾಮುಂಡಮ್ಮ ಬಲಗೈಯನ್ನು ಮೇಜಿನ ಮೇಲೆ ಚಾಚಿದಳು. ಹೆಬ್ಬೆರಳಿನ ಬುಡದ ಮಾಂಸ ಸವೆದು ಅಲ್ಲಿ ಕುಳಿ ಬಿದ್ದಿತ್ತು. "ಇದು ಮರಗಟ್ಟೋಯ್ತದೆ. ಇಡ್ಕಂಡಿದ್ದು ಯಾವಾಗ ಬಿದ್ದೋಯ್ತದೆ ಅಂತ್ಲೇ ಗೊತ್ತಾಗಕಿಲ್ಲ. ಈ ಸತಿ ಜ್ವರ ಬಂದಿದ್ದು ನನ್ನಿಂದ್ಲೇ. ಟ್ಯೂಬು ನೆಲುಕ್ಕೆ ಬಿತ್ತು, ಇನ್ನೊಂದಿರ್ನಿಲ್ಲ. ನೀರಲ್ಲಿ ತೊಳ್ದು ಹಾಕ್ಬುಟ್ಟೆ."

ಸುಚಿತ್ರಾ ಆ ಕೈಯನ್ನು ಹಿಡಿದು ಮಣಿಕಟ್ಟನ್ನು ಒತ್ತಿ ನೋಡಿದಳು. ನರ ಸಿಕ್ಕಿಕೊಂಡಿದೆ, ತುಂಬ ದಿನದಿಂದ. ಆಪರೇಷನ್ನೇ ಆಗಬೇಕು. "ಅವರಿಗೆ ಹೇಳಿದ್ದೀರಾ?"

"ಏನಂತ ಯೋಳ್ಲಿ? ಸಾಕಾಯ್ತು ಅಂತ್ಲಾ?" ಆಕೆಯ ದನಿ ಏರಲಿಲ್ಲ. "ಮಂಡ್ಯದಲ್ಲಿ ಮಗಳು ಎತ್ತಾಗ ಒಂದಿನ ಉಳ್ಕಳಕ್ಕೆ ಆಗ್ನಿಲ್ಲ. ಬೆಳಗ್ಗೆ ಇವ್ರುದು ಮುಗ್ಸಿ ಬಸ್ ಅತ್ತಿ, ಮಗೀನ ಮೊಕ ನೋಡಿ, ಹನ್ನೆರಡುಕ್ಕೆ ವಾಪಸ್ಸು. ನೀವೇ ಯೋಳ್ಬುಡಿ ಅಕ್ಕ. ಮೂತ್ರಕೋಶ ಕೆಟ್ಟೋಗದೆ, ಪೈಪ್ ಹಾಕ್ಲೇಬೇಕು ಅಂತ. ನೀವ್ ಯೋಳುದ್ರೆ ಅವ್ರು ಎದುರು ಮಾತಾಡಕಿಲ್ಲ."

ಸುಳ್ಳು ಅನ್ನುವ ಪದವನ್ನು ಇಬ್ಬರೂ ಆಡಲಿಲ್ಲ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಸುಚಿತ್ರಾ, "ಮುಂದಿನ ಶುಕ್ರವಾರ ಬನ್ನಿ, ನೋಡೋಣ" ಅಂದಳು. ಚಾಮುಂಡಮ್ಮ ತಲೆಯಾಡಿಸಿ, ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹೊರಟುಹೋದಳು.

ಸಂಜೆ ಏಳಕ್ಕೆ ಮನೆ ತಲುಪಿದ ಸುಚಿತ್ರಾ ಕಾರಿನಿಂದ ಇಳಿಯದೆ ಕೂತಿದ್ದಳು. ಇದು ಈಚೆಗೆ ಅಭ್ಯಾಸವಾಗಿಬಿಟ್ಟಿತ್ತು. ಇಂಜಿನ್ ಆರಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟು, ಏನನ್ನೂ ಯೋಚಿಸದೆ ಹತ್ತು ನಿಮಿಷ. ಗಂಡ ವಿಜಯ್‌ಕುಮಾರ್ ಬಾಗಿಲಿಗೆ ಬಂದು ನೋಡಿ ಒಳಗೆ ಹೋಗುತ್ತಿದ್ದ. ಮೊದಲು ಕರೆಯುತ್ತಿದ್ದ, ಈಗ ಕರೆಯುತ್ತಿರಲಿಲ್ಲ. ಆದರೆ ಆವತ್ತು ಯೋಚನೆ ಬಿಡಲಿಲ್ಲ. ಹೊಟ್ಟೆಗೆ ಪೈಪು ಹಾಕುವುದು ಅವಳಿಗೆ ಇಪ್ಪತ್ತು ನಿಮಿಷದ ಕೆಲಸ. ಒಂದು ಸುಳ್ಳು ಹೇಳಿ, ಒಂದು ಸಹಿ ಹಾಕಿಸಿಕೊಂಡರೆ ಚಾಮುಂಡಮ್ಮ ಮಂಗಳವಾರದಿಂದಲೇ ಹಾಯಾಗಿ ಮಲಗಬಹುದು. ಯಾರೂ ಕೇಳುವುದಿಲ್ಲ. ಐದು ವರ್ಷ ಬಿಟ್ಟು ಕಲ್ಲು ಕಟ್ಟಿದರೆ ಅದನ್ನೂ ತಾನೇ ಒಡೆದು ತೆಗೆಯುತ್ತೇನೆ. ಹೀಗೆ ಯೋಚಿಸಿದಾಗ ತಪ್ಪು ಅನ್ನಿಸಲಿಲ್ಲ, ಅನುಕೂಲ ಅನ್ನಿಸಿತು. ಅದೇ ಅವಳಿಗೆ ಸ್ವಲ್ಪ ಹೆದರಿಕೆ ತಂದಿತು.

ಬುಧವಾರ ಅವಳ ಫೋನು ಚಾರ್ಜ್ ಆಗುವುದನ್ನು ನಿಲ್ಲಿಸಿತು. ವಯರನ್ನು ಎತ್ತ ತಿರುಗಿಸಿದರೂ ಇಲ್ಲ.

"ಸಿದ್ದೇಶ್ ಸರ್ ಕಡೆ ಕೊಡ್ರಿ ಮೇಡಂ," ಅಂದ ಮಹಾಂತೇಶ್. ಬಾಗಲಕೋಟೆ ಕಡೆಯವನು, ಮೈಸೂರಿಗೆ ಬಂದು ಹದಿನೈದು ವರ್ಷವಾದರೂ ಮಾತು ಬದಲಾಗಿರಲಿಲ್ಲ. "ಮಂಡಿ ಮೊಹಲ್ಲಾದಾಗ ಕೂಡ್ತಾರ. ನಂದೂ ಅವರ ಮಾಡಿ ಕೊಟ್ಟಾರ. ಭಾಳ ಚಲೋ ಕೈ."

ಸಿದ್ದೇಶ ಏನೋ ರಿಪೇರಿ ಕೆಲಸ ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಏನು ಎಂದು ಕೇಳಿರಲಿಲ್ಲ. ಅಂದು ಆಪರೇಷನ್‌ಗಳು ಬೇಗ ಮುಗಿದಿದ್ದರಿಂದ ಹನ್ನೊಂದೂವರೆಗೆ ತಾನೇ ಹೊರಟಳು. ಈರುಳ್ಳಿ ಮೂಟೆ ಇಳಿಸುತ್ತಿದ್ದ ಗಾಡಿಗಳ ಮಧ್ಯೆ ದಾರಿ ಮಾಡಿಕೊಂಡು, ಹಗ್ಗ ಮತ್ತು ಟಾರ್ಪಾಲಿನ ಸಗಟು ಅಂಗಡಿಗಳನ್ನು ದಾಟಿ ಒಳಗಿನ ಓಣಿಗೆ ಬಂದರೆ ಆ ಅಂಗಡಿ. ಮೆಟ್ಟಿಲು ಒಡೆದು ಇಳಿಜಾರು ಮಾಡಿದ್ದರು. ಪಕ್ಕದಲ್ಲಿ ಅವನ ಮೂರು ಚಕ್ರದ ಸ್ಕೂಟರ್ ನಿಂತಿತ್ತು.

ಸಿದ್ದೇಶ ಅವಳನ್ನು ಕಂಡು ಗಾಲಿಕುರ್ಚಿಯಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡ. "ಮೇಡಂ, ನೀವ್ಯಾಕೆ ಬಂದ್ರಿ? ಮಹಾಂತೇಶನ ಕೈಲಿ ಕಳ್ಸಿದ್ರೆ ಆಗ್ತಿರ್ಲಿಲ್ವಾ." ಫೋನನ್ನು ತಿರುಗಿಸಿ ನೋಡಿದ. "ಪಿನ್ ಹೋಗದೆ. ಹದಿನೈದು ನಿಮಿಷ ಕೂತ್ಕಳಿ."

ಅವನು ತಲೆಗೆ ಭೂತಗನ್ನಡಿಯ ಪಟ್ಟಿ ಕಟ್ಟಿಕೊಂಡ. ಫೋನಿನ ಹೊಟ್ಟೆ ಬಿಚ್ಚಿ, ಎಳ್ಳುಕಾಳಿನಷ್ಟಿದ್ದ ತಿರುಪುಗಳನ್ನು ಸಾಲಾಗಿ ಇಟ್ಟ. ಆಮೇಲೆ ಚಿಮುಟದಿಂದ ಹಳೆಯ ಪಿನ್ನನ್ನು ಎತ್ತಿ, ಕೂದಲಿನಷ್ಟು ತೆಳುವಾದ ಐದು ಕಾಲುಗಳ ಹೊಸ ಪಿನ್ನನ್ನು ಕೂರಿಸಿ, ಒಂದೊಂದಕ್ಕೂ ಬೆಸುಗೆ ಹಾಕುತ್ತ ಹೋದ. ಕೈ ಅಲುಗಲಿಲ್ಲ. ಉಸಿರನ್ನು ಹಿಡಿದು, ಬೆಸುಗೆ ಕೂತ ಮೇಲೆ ಬಿಡುತ್ತಿದ್ದ. ಸುಚಿತ್ರಾ ಮೂವತ್ತು ವರ್ಷದಿಂದ ಡಾಕ್ಟರುಗಳ ಕೈಗಳನ್ನು ನೋಡಿದ್ದಾಳೆ. ಇಂಥ ಕೈ ತನ್ನ ವಿಭಾಗದಲ್ಲಿ ಒಬ್ಬರಿಗೋ ಇಬ್ಬರಿಗೋ ಇದೆ ಅಂದುಕೊಂಡಳು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಚಾಮುಂಡಮ್ಮ ಬಂದಳು. ಬಿಸಿಲಲ್ಲಿ ಬಸ್ಸಿಳಿದು ನಡೆದುಬಂದ ಮುಖ. ಎಡಗೈಯಲ್ಲಿ ಬಟ್ಟೆಯ ಚೀಲ. ಡಾಕ್ಟರನ್ನು ಅಲ್ಲಿ ನೋಡಿ ಒಂದು ಕ್ಷಣ ನಿಂತಳು, ಕದ್ದು ಸಿಕ್ಕಿಬಿದ್ದವಳ ಹಾಗೆ ಕಣ್ಣು ಕೆಳಗೆ ಮಾಡಿದಳು. ಸಿದ್ದೇಶ ಬೆಸುಗೆಯ ಕಡ್ಡಿಯನ್ನು ಒರಗಿಸಿಟ್ಟು, ಭೂತಗನ್ನಡಿ ಬಿಚ್ಚಿ, "ಐದ್ ನಿಮಿಷ ಮೇಡಂ" ಅಂದ. ಆಕೆ ಕುರ್ಚಿಯನ್ನು ಹಿಂದಕ್ಕೆಳೆದುಕೊಂಡು ಪರದೆಯ ಆಚೆ ಹೋದಳು. ನೀರು ಬಿಟ್ಟ ಸದ್ದು, ಸ್ಟೀಲ್ ಡಬ್ಬಿಯ ಮುಚ್ಚಳದ ಸದ್ದು, ಏನೋ ಬಿದ್ದು ಆಕೆ ಮೆಲ್ಲಗೆ 'ಥೂ' ಅಂದದ್ದು. ಆಮೇಲೆ ಆಕೆ ಅವನನ್ನು ಈಚೆಗೆ ತಳ್ಳಿ, ಊಟದ ಡಬ್ಬಿಯನ್ನು ಅವನ ಮುಂದಿಟ್ಟು, ಬಂದ ದಾರಿಯಲ್ಲೇ ಹೊರಟಳು. ಸಿದ್ದೇಶ ಮತ್ತೆ ಭೂತಗನ್ನಡಿ ಕಟ್ಟಿಕೊಂಡು ಐದನೆಯ ಬೆಸುಗೆ ಹಾಕಿದ.

ಫೋನು ತೆಗೆದುಕೊಂಡು ಓಣಿಯ ಕೊನೆಗೆ ಬಂದ ಸುಚಿತ್ರಾ ಅಲ್ಲೇ ನಿಂತಳು. ಅವನ ಕಾಲುಗಳು ಹೋಗಿವೆ. ಕೈಗಳಿಗೆ ಏನೂ ಆಗಿಲ್ಲ. ಕೈ ನೆಟ್ಟಗಿರುವ ಇಂಥ ರೋಗಿಗಳು ಈ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾರೆ. ಹತ್ತು ವರ್ಷದ ಮಕ್ಕಳಿಗೂ ಅವಳು ಕಲಿಸಿದ್ದಾಳೆ. ಇವನ ಫೈಲು ಅವಳಿಗೆ ಒಂಬತ್ತು ವರ್ಷದ ಹಿಂದೆ, ಹಿರಿಯ ಡಾಕ್ಟರ್ ಸುಂದರೇಶರು ನಿವೃತ್ತರಾದಾಗ ಬಂದದ್ದು. ಅದರಲ್ಲಿ ಅವರು ಬರೆದಿದ್ದ ಒಂದು ಸಾಲಿತ್ತು: ಟ್ಯೂಬು, ದಿನಕ್ಕೆ ನಾಲ್ಕು ಸಲ, ಹೆಂಡತಿಯಿಂದ. ಪ್ರತಿ ಭೇಟಿಯಲ್ಲೂ ಅವಳು ಅದೇ ಸಾಲನ್ನು ಕೆಳಗೆ ನಕಲು ಮಾಡುತ್ತ ಬಂದಿದ್ದಳು. ಯಾಕೆ ಹೆಂಡತಿಯಿಂದ ಎಂದು ಒಂದು ಸಲವೂ ಕೇಳಿರಲಿಲ್ಲ. ಹದಿನಾಲ್ಕನೆಯ ಟೋಕನ್ ಆದ ಮೇಲೆ ಹದಿನೈದನೆಯದು ಇರುತ್ತಿತ್ತು, ಅಷ್ಟೇ.

ಶುಕ್ರವಾರ ಗಂಡಹೆಂಡಿರು ಬಂದರು. ಸುಚಿತ್ರಾ ಚಾಮುಂಡಮ್ಮನನ್ನು ಮೂಳೆ ವಿಭಾಗಕ್ಕೆ ಕೈ ತೋರಿಸಿಕೊಂಡು ಬರಲು ಕಳಿಸಿ, ಬಾಗಿಲು ಹಾಕಿ, ಸಿದ್ದೇಶನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

"ಸಿದ್ದೇಶ್, ಇದನ್ನ ನೀವೇ ಯಾಕೆ ಮಾಡ್ಕೊಳಲ್ಲ?"

ಅವನು ಅರ್ಥವಾಗದವನಂತೆ ನೋಡಲಿಲ್ಲ. ಇಷ್ಟು ವರ್ಷ ಈ ಪ್ರಶ್ನೆಗೇ ಕಾಯುತ್ತಿದ್ದವನಂತೆ ತಲೆ ತಗ್ಗಿಸಿದ.

"ಪುಣೆ ಮಿಲಿಟರಿ ಆಸ್ಪತ್ರೇಲಿ ಕಲ್ಸಕ್ಕೆ ಬಂದಿದ್ರು ಮೇಡಂ. ಕೇರಳದ ಸಿಸ್ಟರ್ ಒಬ್ರು. ಕೈಗೆ ಟ್ಯೂಬ್ ಕೊಟ್ರು. ಮುಟ್ಟುದ್ರೆ ನನ್ ಕೈಗೆ ಗೊತ್ತಾಯ್ತದೆ, ಅಲ್ಲಿ ಗೊತ್ತಾಗಲ್ಲ. ಯಾರದೋ ಹೆಣ ಮುಟ್ದಂಗಾಯ್ತು. ವಾಂತಿ ಮಾಡ್ಕಬುಟ್ಟೆ. ಇವ್ಳು ಪಕ್ಕದಲ್ಲೇ ನಿಂತಿದ್ಲು, ಇಪ್ಪತ್ಮೂರು ವರ್ಷದ ಹುಡ್ಗಿ. ಟ್ಯೂಬ್ ಈಸ್ಕಂಡು, ನಾನ್ ಮಾಡ್ತೀನಿ ಬುಡಿ ಅಂದ್ಲು."

"ಅದು ಆವತ್ತಿನ ಮಾತು. ಆಮೇಲೆ?"

ಹೊರಗೆ ಮಹಾಂತೇಶ್ ಯಾರದೋ ಹೆಸರು ಕೂಗುತ್ತಿದ್ದ.

"ಆಮೇಲೆ ಕಲೀಬೋದಿತ್ತು," ಅಂದ ಸಿದ್ದೇಶ. "ಕಲೀನಿಲ್ಲ. ನಮ್ಮಿಬ್ರ ಮಧ್ಯೆ ಇನ್ನೇನೂ ಉಳ್ದಿರ್ಲಿಲ್ಲ ಮೇಡಂ, ಗಂಡ ಹೆಂಡ್ತಿ ಅನ್ನೋದು. ನಿಮ್ಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಈ ನಾಕು ಸತಿ ಆದ್ರೂ ಹತ್ರ ಬರ್ತಾಳೆ, ಮುಟ್ತಾಳೆ. ನಂಗೆ ಗೊತ್ತಾಗಲ್ಲ, ಆದ್ರೂ ಮುಟ್ತಾಳೆ ಅಂತ ಗೊತ್ತಿರ್ತದೆ. ಅದೂ ನಿಂತೋದ್ರೆ ಅವ್ಳಿಗೆ ನನ್ನತ್ರ ಏನ್ ಕೆಲ್ಸ?"

ಸುಚಿತ್ರಾಳಿಗೆ ಸಿಟ್ಟು ಬರಬೇಕಾಗಿತ್ತು. ಸಿಟ್ಟಿನ ಜಾಗದಲ್ಲಿ ಬರೀ ಭಾರವಿತ್ತು. "ಅವರ ಕೈ ನೋಡಿದ್ದೀರಾ?" ಅಂದಳು.

"ನೋಡಿದ್ದೀನಿ. ಟ್ಯೂಬ್ ಬೀಳ್ತದೆ. ನಾನು ಬೇರೆ ಕಡೆ ನೋಡ್ತೀನಿ." ಅವನು ಒಂದು ಸಲ ಮೂಗೊರೆಸಿಕೊಂಡ. "ಹೊಟ್ಟೆಗೆ ಪೈಪ್ ಹಾಕ್ಬುಡಿ ಮೇಡಂ. ನಾನೇ ಕೇಳ್ಬೇಕು ಅಂತಿದ್ದೆ. ಅವ್ಳಿಗೆ ಬಿಡುಗಡೆ ಆಗ್ಲಿ."

ಇಬ್ಬರೂ ಬೇರೆಬೇರೆಯಾಗಿ ಬಂದು ಅದೇ ಪೈಪನ್ನು ಕೇಳಿದ್ದರು. ಈಗಲೂ ಒಪ್ಪಿಬಿಡಬಹುದಾಗಿತ್ತು. "ಆಗಲ್ಲ," ಅಂದಳು ಸುಚಿತ್ರಾ. "ಆರೋಗ್ಯವಾಗಿರೋ ಹೊಟ್ಟೆಗೆ ತೂತು ಹಾಕೋದು ನನ್ನಿಂದ ಆಗಲ್ಲ. ಇಂಥ ಕೈ ಇಟ್ಕೊಂಡು ನಿಮಗೆ ಪೈಪು ಯಾಕೆ? ಕಲಿಸ್ತೀನಿ. ವಾರಕ್ಕೆ ಎರಡು ದಿನ ಹೇಗೂ ಇರ್ತೀನಿ, ಬನ್ನಿ."

"ಅವ್ಳಿಗೆ ಈಗ್ಲೇ ಹೇಳ್ಬೇಡಿ. ಆಗ್ಲಿಲ್ಲ ಅಂದ್ರೆ ಅವಮಾನ."

ಒಪ್ಪಿದಳು. ಅದೂ ತಪ್ಪೇನೋ ಎಂದು ಆಮೇಲೆ ಅನ್ನಿಸಿತು.

ಮೊದಲನೆಯ ದಿನ ಅವನ ಕೈ ಟ್ಯೂಬು ಹಿಡಿದದ್ದೇ ಅಲುಗಾಡತೊಡಗಿತು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಕೆಳಗೆ ನೋಡಿದ, ಕಣ್ಣು ಮುಚ್ಚಿದ, ಟ್ಯೂಬನ್ನು ತಟ್ಟೆಗೆ ಎಸೆದುಬಿಟ್ಟ. ಎರಡನೆಯ ದಿನವೂ ಅಷ್ಟೇ. ಸುಚಿತ್ರಾ ತಾನು ಅಲ್ಲಿರುವುದೇ ತೊಡಕು ಎಂದು ತಿಳಿದು ಮೂರನೆಯ ದಿನ ಮಹಾಂತೇಶನಿಗೆ ಬಿಟ್ಟು ಹೊರಗೆ ಬಂದಳು. ಬಾಗಿಲ ಆಚೆಯಿಂದ ಅವನ ಮಾತು ಕೇಳುತ್ತಿತ್ತು: "ಗಡಿಬಿಡಿ ಮಾಡಬ್ಯಾಡ್ರಿ ಸರ್. ನಿಮ್ದು ಅಂತ ತಿಳ್ಕೋಬ್ಯಾಡ್ರಿ. ಯಾರ್ದೋ ಮೊಬೈಲು ರಿಪೇರಿಗಿ ಬಂದೈತಿ ಅನ್ಕೋರಿ." ಒಳಗಿನಿಂದ ಸಿದ್ದೇಶ ನಕ್ಕ ಸದ್ದು ಬಂತು. ಒಂಬತ್ತು ವರ್ಷದಲ್ಲಿ ಅವಳು ಕೇಳಿದ ಅವನ ಮೊದಲ ನಗು ಅದು. ಆ ದಿನ ಅರ್ಧದವರೆಗೆ ಹೋಯಿತು. ಚಾಮುಂಡಮ್ಮ ಇದ್ಯಾವುದೂ ತಿಳಿಯದೆ, ಏನೋ ಟೆಸ್ಟು ನಡೆಯುತ್ತಿದೆ ಎಂದುಕೊಂಡು, ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದಳು.

ನಾಲ್ಕನೆಯದು ಸೆಪ್ಟೆಂಬರಿನ ಮೊದಲ ಮಂಗಳವಾರ. ಆರು ನಿಮಿಷ ಹಿಡಿಯಿತು. ಪಾತ್ರೆಗೆ ಮೂತ್ರ ಬಿದ್ದ ಸದ್ದಾದಾಗ ಮಹಾಂತೇಶ್ "ಬಂತು ನೋಡ್ರಿ" ಅಂದ. ಸಿದ್ದೇಶ ಪಾತ್ರೆಯನ್ನೇ ನೋಡುತ್ತಿದ್ದ. ಸುಚಿತ್ರಾ ಫೈಲು ತೆಗೆದು, ಆ ಹಳೆಯ ಸಾಲಿನ ಜಾಗದಲ್ಲಿ 'ಸ್ವತಃ' ಎಂದು ಬರೆದಳು. ಆಮೇಲೆ ಚಾಮುಂಡಮ್ಮನನ್ನು ಒಳಗೆ ಕರೆಸಿದಳು.

ಆಕೆ ಪಾತ್ರೆಯನ್ನೂ ಗಂಡನ ಒದ್ದೆ ಕೈಯನ್ನೂ ನೋಡಿದಳು. "ಯಾರು ತಗುದ್ದು?"

"ನಾನೇ," ಅಂದ ಸಿದ್ದೇಶ. "ನಾನೇ ಮಾಡ್ಕಂಡೆ ಚಾಮಿ."

"ಎಷ್ಟೊತ್ತು ಇಡೀತು?"

"ಆರು ನಿಮಿಷ. ರೂಢಿಯಾದ್ರೆ ಇನ್ನೂ ಬೇಗ ಆಯ್ತದೆ ಅಂತಾರೆ ಮೇಡಂ."

ಚಾಮುಂಡಮ್ಮ ಗೋಡೆಗೊರಗಿದ್ದ ಕುರ್ಚಿಯಲ್ಲಿ ಮೆಲ್ಲಗೆ ಕೂತಳು. ಆಕೆಯ ಮುಖ ಅರಳುತ್ತದೆ ಎಂದು ಸುಚಿತ್ರಾ ಕಾದಿದ್ದಳು. ಅರಳಲಿಲ್ಲ.

"ಅಂಗಾದ್ರೆ ಮೊದ್ಲೂ ಆಗ್ತಿತ್ತು," ಅಂದಳು ಆಕೆ. "ಮಗಳು ಎತ್ತಾಗ್ಲೂ ಆಗ್ತಿತ್ತು. ನಮ್ಮವ್ವ ಸತ್ತಾಗ ಹನ್ನೊಂದು ದಿನ ನಾನಲ್ಲಿ ಕೂರ್ಬೋದಿತ್ತು."

ಆಕೆ ಗಂಡನ ಕಡೆ ನೋಡಲಿಲ್ಲ. ಸುಚಿತ್ರಾಳ ಕಡೆ ತಿರುಗಿದಳು. "ನೀವ್ಯಾಕೆ ಯೋಳ್ನಿಲ್ಲ ಮೇಡಂ? ಒಂಬತ್ತು ವರ್ಷ ಆಯ್ತಲ್ಲ ನಿಮ್ಮತ್ರ ಬತ್ತಾ."

ಅಕ್ಕ ಅನ್ನಲಿಲ್ಲ.

"ನಾನು ಕೇಳಲೇ ಇಲ್ಲ ಚಾಮುಂಡಮ್ಮ. ಫೈಲಲ್ಲಿ ಬರೆದಿತ್ತು, ಹಾಗೇ ಬರ್ಕೊಂಡು ಬಂದೆ. ತಪ್ಪು ನಂದು."

ಇಂಥ ಮಾತಿಗೆ ಜನ ಪರವಾಗಿಲ್ಲ ಬಿಡಿ ಅನ್ನುತ್ತಾರೆ. ಚಾಮುಂಡಮ್ಮ ಅನ್ನಲಿಲ್ಲ. ಎದ್ದು, ಬಟ್ಟೆಯ ಚೀಲವನ್ನು ಗಂಡನ ತೊಡೆಯ ಮೇಲಿಟ್ಟಳು. "ಇದ್ರಲ್ಲೇ ಎಲ್ಲ ಅದೆ. ನಾನು ಸಂತೇಮರಳ್ಳಿಗೆ ಓಯ್ತೀನಿ, ಅಕ್ಕನ ಮನೆಗೆ," ಅಂದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಬಾಗಿಲು ತಾನಾಗಿ ಮೆಲ್ಲಗೆ ಮುಚ್ಚಿಕೊಂಡಿತು.

"ನಾನು ತಪ್ಪು ಮಾಡಿದ್ನಾ ಮೇಡಂ?" ಅಂದ ಸಿದ್ದೇಶ.

"ಗೊತ್ತಿಲ್ಲ," ಅಂದಳು ಸುಚಿತ್ರಾ. "ಈ ಸಂಜೆ ಆರಕ್ಕೆ ಮರೀಬೇಡಿ. ಕೈ ಚೆನ್ನಾಗಿ ತೊಳ್ಕೊಳ್ಳಿ."

ಅವನು ಮುಂದಿನ ಶುಕ್ರವಾರ ಒಬ್ಬನೇ ಬಂದ. ಸ್ಕೂಟರ್ ತಾನೇ ಓಡಿಸಿಕೊಂಡು ಬಂದಿದ್ದ. ಬಿಳಿಯ ಅಂಗಿಗೆ ಇಸ್ತ್ರಿ ಇರಲಿಲ್ಲ. ಮೂತ್ರ ತಿಳಿಯಾಗಿತ್ತು, ಜ್ವರವಿರಲಿಲ್ಲ. ಎರಡು ಸಲ ಹೊತ್ತು ತಪ್ಪಿ, ತುಂಬಿ ಸೋರಿ ಬಟ್ಟೆ ಒದ್ದೆಯಾಗಿದ್ದು ಬಿಟ್ಟರೆ ಎಲ್ಲ ಸರಿಯಾಗಿತ್ತು. ಚಾಮುಂಡಮ್ಮ ಬಂದಿರಲಿಲ್ಲ. ಅವನು ಫೋನೂ ಮಾಡಿರಲಿಲ್ಲ.

"ಯಾಕೆ ಮಾಡಿಲ್ಲ?"

"ಮಾಡುದ್ರೆ ಬಂದ್ಬುಡ್ತಾಳೆ ಮೇಡಂ," ಅಂದ. "ಅದಕ್ಕೇ."

ಆ ತಿಂಗಳು ಸುಚಿತ್ರಾಳ ಕೆಲಸ ಹೆಚ್ಚಾಯಿತು. ಮಾಜಿ ಸೈನಿಕರ ಹಳೆಯ ಫೈಲುಗಳನ್ನೆಲ್ಲ ಒಂದೊಂದಾಗಿ ತೆಗೆದು, ಮನೆಯಲ್ಲಿ ಟ್ಯೂಬು ಹಾಕುವ ಕೆಲಸ ಯಾರು ಮಾಡುತ್ತಾರೆ, ಯಾಕೆ ಅವರೇ ಮಾಡುತ್ತಾರೆ ಎಂದು ಕೇಳತೊಡಗಿದಳು. ಮೂವರು ಸಿಕ್ಕರು. ಒಬ್ಬರಿಗೆ ಸೊಸೆ ಮಾಡುತ್ತಿದ್ದಳು. ಇನ್ನೊಬ್ಬರಿಗೆ ಹೆಂಡತಿ, ಎಪ್ಪತ್ತು ದಾಟಿದವರು, ಕಣ್ಣು ಮಂಜಾದವರು. ಮೂರನೆಯವರು ಕೇಳಿದ್ದಕ್ಕೇ ಸಿಟ್ಟಾಗಿ ಫೋಲ್ಡರು ಎತ್ತಿಕೊಂಡು ಹೋದರು. ಒಂದೊಂದು ಭೇಟಿಗೂ ಹತ್ತು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಮಧ್ಯಾಹ್ನದ ಊಟ ಮೂರೂವರೆಗೆ ಹೋಯಿತು. ಆಯಾಸ ಕಡಿಮೆಯಾಯಿತು ಎಂದರೆ ಸುಳ್ಳಾಗುತ್ತದೆ. ಇನ್ನೊಬ್ಬ ಡಾಕ್ಟರನ್ನು ಕೊಡಿ ಎಂದು ಆಡಳಿತದವರಿಗೆ ಪತ್ರ ಬರೆದಳು. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು.

ನವೆಂಬರಿನ ಒಂದು ಮಂಗಳವಾರ ಟೋಕನ್ ಇಲ್ಲದೆ ಚಾಮುಂಡಮ್ಮ ಬಂದಳು. ಒಬ್ಬಳೇ. ಬಲಗೈ ಮಣಿಕಟ್ಟಿನಲ್ಲಿ ಆಪರೇಷನ್ನಿನ ಗೆರೆ ಇನ್ನೂ ಕೆಂಪಗಿತ್ತು. ಹೊಲಿಗೆ ಬಿಚ್ಚಿಸಿಕೊಂಡು ಮೂರು ವಾರವಾಯಿತು ಅಂದಳು. ಬೆರಳು ಮಡಚಿ ತೋರಿಸಿದಳು.

"ಯಾವಾಗ ಬಂದ್ರಿ ಊರಿಂದ?"

"ಯಾವಾಗ್ಲೋ ಬಂದೆ. ಹನ್ನೆರಡು ದಿನ ಇದ್ದೆ, ಅಷ್ಟೇ." ಈ ಸಲ ಹೇಳುವ ಮೊದಲೇ ಕೂತಳು. "ನಾಕು ದಿನ ಬರೀ ನಿದ್ದೆ ಮಾಡ್ದೆ. ಊಟುಕ್ಕೆ ಎಬ್ಬುಸ್ಬೇಕಾಗಿತ್ತು ನನ್ನ. ಐದ್ನೇ ದಿನ ಮಧ್ಯಾನ ದಡಕ್ಕನೆ ಎದ್ದು ಚೀಲ ಹುಡುಕ್ತಾ ಇವ್ನಿ. ನಮ್ಮಕ್ಕ ನಗಾಡುದ್ಲು. ನಾನು ಅತ್ತುಬುಟ್ಟೆ."

"ಸಿದ್ದೇಶ್ ಫೋನ್ ಮಾಡಿರ್ಲಿಲ್ಲ ಅಂದ್ರು."

"ಒಂದ್ಸತೀನೂ ಇಲ್ಲ. ಅದಕ್ಕೂ ಸಿಟ್ಟು ಬಂತು ನಂಗೆ. ಬೇಡ್ವಾದ್ನಾ ನಾನು ಅಂತ." ಆಕೆ ಮಣಿಕಟ್ಟನ್ನು ಎಡಗೈಯಿಂದ ಸವರಿಕೊಂಡಳು. "ಮನೆಗೆ ಬಂದು ಎರಡು ದಿನ ಮಾತಾಡ್ನಿಲ್ಲ. ಮೂರ್ನೇ ದಿನ ಅವ್ರೇ ಯೋಳುದ್ರು, ಯಾಕೆ ಕಲೀನಿಲ್ಲ ಅಂತ. ನಿಮ್ಗೆ ಯೋಳಿದಾರಂತಲ್ಲ."

"ಹೇಳಿದ್ರು."

"ನಂಗೆ ಇಪ್ಪತ್ನಾಕು ವರ್ಷ ಯೋಳ್ನಿಲ್ಲ." ಆಕೆ ಸೆರಗನ್ನು ಮಡಿಲಿಗೆಳೆದುಕೊಂಡಳು. "ನಂಗೂ ಅಂಗೇ ಅನ್ನುಸ್ತಿತ್ತು ಅಕ್ಕ. ಮೊದ್ಲು ಮೊದ್ಲು. ಆಮೇಲೆ ಕೈ ನೋಯಕ್ಕೆ ಶುರುವಾದ್ಮೇಲೆ ಅದೂ ಮರ್ತೋಯ್ತು."

ಸುಚಿತ್ರಾ ಆ ಮಣಿಕಟ್ಟಿನ ಗೆರೆಯನ್ನು ಮೆಲ್ಲಗೆ ಒತ್ತಿ ನೋಡಿದಳು.

"ಈಗ ಹೇಗಿದ್ದೀರಾ ಮನೇಲಿ?"

"ಇದ್ದೀವಿ. ಸಾಯಂಕಾಲ ಅವ್ರು ಅಂಗಡಿಯಿಂದ ಬಂದ್ಮೇಲೆ ಸುಮ್ಕೆ ಪಕ್ಕದಲ್ಲಿ ಕೂತ್ಕತೀನಿ. ಏನೂ ಕೆಲ್ಸ ಇಲ್ದೆ ಕೂತ್ಕಳದು ಇಬ್ರಿಗೂ ಬರಕಿಲ್ಲ. ಅವ್ರು ಟಿವಿ ಸೌಂಡು ಜಾಸ್ತಿ ಮಾಡ್ತಾರೆ, ನಾನು ಕಮ್ಮಿ ಮಾಡ್ತೀನಿ." ಆಕೆ ನಗಲಿಲ್ಲ, ಆದರೆ ಮುಖದ ಬಿಗಿ ಕಳಚಿತ್ತು. "ಸುಸ್ತು ಮಾತ್ರ ಓಗಿಲ್ಲ ಅಕ್ಕ. ಒಳಗೇ ಕೂತ್ಬುಟ್ಟದೆ. ಮೊದ್ಲು ಸುಸ್ತಾಗದೆ ಅಂತ್ಲೂ ಗೊತ್ತಾಯ್ತಿರ್ನಿಲ್ಲ. ಈಗ ಗೊತ್ತಾಯ್ತದೆ."

ಬಾಗಿಲು ತಟ್ಟಿ ಮಹಾಂತೇಶ್ ತಲೆ ಹಾಕಿದ. ಹೊರಗೆ ಹತ್ತೊಂಬತ್ತು ಜನ ಇದ್ದಾರೆ ಎಂದ. ಚಾಮುಂಡಮ್ಮ ಏಳಲು ಕುರ್ಚಿಯ ಕೈಯನ್ನು ಹಿಡಿದಳು.

"ಐದು ನಿಮಿಷ ಕೂತ್ಕೊಳ್ಳಿ," ಅಂದಳು ಸುಚಿತ್ರಾ. "ನಾನೂ ಕೂರ್ತೀನಿ."

ಮಹಾಂತೇಶ್ ಇಬ್ಬರನ್ನೂ ನೋಡಿ, ಬಾಗಿಲು ಹಾಕಿಕೊಂಡು ಹೋದ. ಸುಚಿತ್ರಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಗೆ ಒರಗಿದಳು. ಚಾಮುಂಡಮ್ಮನೂ ಒರಗಿದಳು. ಕಾರಿಡಾರಿನಲ್ಲಿ ಯಾರೋ ಕೆಮ್ಮಿದರು, ಲಿಫ್ಟಿನ ಬಾಗಿಲು ತೆರೆದು ಮುಚ್ಚಿತು. ಇಬ್ಬರೂ ಒಂದು ಮಾತೂ ಆಡದೆ ಐದು ನಿಮಿಷ ಹಾಗೇ ಕೂತಿದ್ದರು.